ಮೂರನೇ ವೋಟು

ಇದನ್ನು ಓದಿ ಯಾರೂ "ಅಯ್ಯೋ ಪಾಪ" ಅನ್ನಬೇಡಿ...

ಆ ಮಾತು ಕೇಳಿ ಕೇಳಿ ಸುಚೇತಳಿಗೆ ಸಾಕಾಗಿ ಹೋಗಿದೆ.

ಸುಚೇತಳಿಗೆ ಹತ್ತೊಂಬತ್ತು ವರ್ಷ. ಹುಟ್ಟಿದಾಗಿನಿಂದ ಕೈಕಾಲು ಅವಳ ಹಿಡಿತಕ್ಕೆ ಸಿಗುವುದಿಲ್ಲ. ಓಡಾಟಕ್ಕೆ ವೀಲ್‌ಚೇರ್. ಒಂದೊಂದು ಮಾತು ಆಚೆ ಬರಬೇಕಾದರೂ ಹೆಣಗಬೇಕು...

ಆದರೆ ತಲೆ? ಅದು ಇಡೀ ಬೀದಿಗಿಂತ ಚುರುಕು!

ಅವಳ ಮಾತು ಪೂರ್ತಿ ಅರ್ಥವಾಗುತ್ತಿದ್ದುದು ಇಬ್ಬರಿಗೆ ಮಾತ್ರ. ಅವ್ವನಿಗೆ... ಮತ್ತೆ ಹಿಟ್ಟಿನ ಗಿರಣಿ ನಡೆಸುವ ಅಪ್ಪ ಓಂಕಾರಪ್ಪನಿಗೆ. ಹೊರಗಿನವರ ಮುಂದೆ ಅಪ್ಪನೇ ಅವಳ ಬಾಯಿ.

ನಗರಸಭೆ ಚುನಾವಣೆ ಬಂತು. ವಾರ್ಡಿಗೆ ನಿಂತಿದ್ದ ರುದ್ರೇಶಿ ಮನೆ ಬಾಗಿಲಿಗೆ ಬಂದ. ಅಪ್ಪನಿಗೆ ಕೈ ಮುಗಿದ. ಅವ್ವನಿಗೆ ಕೈ ಮುಗಿದ. ಸುಚೇತಳ ಕೆನ್ನೆ ಮಾತ್ರ ತಟ್ಟಿದ, ಎಳೇ ಮಗುವಿಗೆ ತಟ್ಟುವ ಹಾಗೆ.

"ಓಂಕಾರಣ್ಣ, ನಿಮ್ಮನೇದು ಎರಡು ವೋಟು ಅಲ್ವಾ?"

"ಮೂರು ಕಣಪ್ಪ. ನಮ್ ಪುಟ್ಟೀದೂ ಬಂದೈತೆ ಈ ಸಲ."

"ಹೌದಾ! ಹಂಗಾದ್ರೆ ಮೂರೂ ನಮಗೇ ಬರಬೇಕು."

"ನಿನಗೇ ಹೋಗಪ್ಪ, ಮಾತು ಕೊಟ್ಟೀನಿ," ಅಂತ ಅಪ್ಪ ನಕ್ಕ.

ಸುಚೇತಳಿಗೆ ಮೈಯೆಲ್ಲ ಉರಿಯಿತು. ಅಂಗಳಕ್ಕೆ ಬಂದು ಬಿದ್ದ ಪ್ರತಿಯೊಂದು ಪಾಂಪ್ಲೆಟ್ಟನ್ನೂ ಓದಿದ್ದವಳು ಆ ಮನೆಯಲ್ಲಿ ಅವಳೊಬ್ಬಳೇ. ಯಾರಿಗೆ ಹಾಕಬೇಕು ಅಂತ ಯೋಚಿಸಿ, ಅಳೆದು, ತೀರ್ಮಾನವನ್ನೂ ಮಾಡಿಯಾಗಿತ್ತು.

ಆದರೆ ಅವಳನ್ನು ಕೇಳಿದವರು ಯಾರು?

ವೋಟಿನ ದಿನ ಅಪ್ಪ ಅವ್ವ ಬೆಳಿಗ್ಗೆಯೇ ಹೋಗಿ ತಮ್ಮ ವೋಟು ಹಾಕಿ ಬಂದಿದ್ದರು. ಆಮೇಲೆ ಅಪ್ಪ ಅವಳನ್ನು ತಳ್ಳಿಕೊಂಡು ಶಾಲೆಗೆ ಬಂದ. ಸಾಲಿನಲ್ಲಿದ್ದವರು "ಪಾಪ, ಮುಂದೆ ಬಿಡಿ" ಅಂದರು. ರೂಮಿನ ಬಾಗಿಲಲ್ಲೇ ಅಧಿಕಾರಿ ಎದ್ದು ಬಂದರು. ಅವಳ ಕಡೆ ಒಂದು ಸಲವೂ ನೋಡಲಿಲ್ಲ...

"ಯಜಮಾನ್ರೇ, ಮಗಳ ವೋಟು ನೀವೇ ಒತ್ತಿಬಿಡಿ. ಒತ್ತೋಕಾಗಲ್ಲ, ಜೊತೇಲಿ ಬಂದವರು ಒತ್ತಿದ್ರು ಅಂತ ಬರ್ಕೋತೀನಿ."

"ನಾ...ನೇ... ಒತ್...ತೀನಿ," ಅಂದಳು ಸುಚೇತ.

ಅಧಿಕಾರಿ ಅಪ್ಪನ ಮುಖ ನೋಡಿದರು. "ಏನಂತಾಳೆ?"

ಅಪ್ಪ ಹಿಂದಿದ್ದ ಸಾಲಿನ ಕಡೆ ಒಮ್ಮೆ ತಿರುಗಿ ನೋಡಿದ. ಆಮೇಲೆ...

"ಹೂಂ ಅಂತಾಳೆ ಸಾರ್. ನೀನೇ ಒತ್ತಪ್ಪ ಅಂತಾಳೆ."

ಜಗತ್ತಿಗೆ ಸುಚೇತಳ ಮಾತು ಅರ್ಥವಾಗುವುದಿಲ್ಲ, ಸರಿ. ಅದು ಹೊಸದೇನಲ್ಲ. ಆದರೆ ಅರ್ಥವಾಗುವ ಅಪ್ಪನೇ ಸುಳ್ಳು ಹೇಳಿದ!

ಹಿಡಿಯುವುದಷ್ಟೇ ಬರುವ ಎಡಗೈ ಚಾಚಿ ವೀಲ್‌ಚೇರಿನ ಬ್ರೇಕ್ ಎಳೆದಳು. ಸರಿಯಾಗಿ ಬಾಗಿಲ ನಡುವೆ.

ಒಳಗಿದ್ದವರು ಹೊರಗೆ ಬರುವಂತಿಲ್ಲ, ಹೊರಗಿದ್ದವರು ಒಳಗೆ ಹೋಗುವಂತಿಲ್ಲ.

"ಏನಿದು ಪುಟ್ಟಿ, ಮರ್ಯಾದೆ ತೆಗೀಬ್ಯಾಡ, ಬ್ರೇಕ್ ಬಿಡು," ಅಪ್ಪ ಪಿಸುಗುಟ್ಟಿದ. ಹಿಂದಿನಿಂದ ಒಬ್ಬ ಕೂಗಿದ, "ಗಿರಣಿ ಓಂಕಾರಪ್ಪಾ, ಟ್ರಾಫಿಕ್ ಜಾಮ್ ಮಾಡಿದ್ಯಲ್ಲೋ!" ಎಲ್ಲರೂ ನಕ್ಕರು.

ಅವಳು ಬಿಡಲಿಲ್ಲ. ಮತ್ತೆ ಹೇಳಿದಳು. ಇನ್ನೂ ಜೋರಾಗಿ. ಬಾಯಿಂದ ಜೊಲ್ಲು ಇಳಿಯಿತು... ಇಳಿಯಲಿ! ಮತ್ತೆ ಹೇಳಿದಳು.

ಬೆರಳಿಗೆ ಶಾಯಿ ಹಾಕುತ್ತಿದ್ದ ಮೇಡಂ ಎದ್ದು ಬಂದು ಅವಳ ಎದುರು ಕುಕ್ಕರುಗಾಲಲ್ಲಿ ಕೂತರು.

"ನನಗೆ ಹೇಳಮ್ಮ. ನಿಧಾನಕ್ಕೆ. ನನಗೇನೂ ಅರ್ಜೆಂಟಿಲ್ಲ."

ಮೊದಲ ಸಲ ತಿಳಿಯಲಿಲ್ಲ. ಎರಡನೇ ಸಲವೂ ಇಲ್ಲ. ಮೂರನೇ ಸಲ ಮೇಡಂ ಕಣ್ಣು ಅಗಲವಾಯಿತು.

"ನೀನೇ ಒತ್ತುತೀಯಾ?"

ಸುಚೇತ ತಲೆಯಾಡಿಸಿದ ರಭಸಕ್ಕೆ ಕುರ್ಚಿಯೇ ಅಲುಗಿತು.

"ಕೈ ನೋಡ್ರಿ ಮೇಡಂ, ಹೆಂಗೆ ಹಾರಾಡ್ತೈತೆ," ಅಂದರು ಅಧಿಕಾರಿ. "ಯಾವ ಬಟನ್ ಮೇಲೆ ಬೀಳುತ್ತೋ ಏನೋ!"

"ತಪ್...ಪಾದ್ರೆ... ನಂದೇ... ತಪ್ಪು!"

ಈ ಸಲ ಯಾರೂ ಅಪ್ಪನ ಮುಖ ನೋಡಲಿಲ್ಲ. ಎಲ್ಲರಿಗೂ ಅರ್ಥವಾಗಿತ್ತು.

ಅಧಿಕಾರಿ ಪಕ್ಕಕ್ಕೆ ಸರಿದರು, ಸುಚೇತ ಬ್ರೇಕ್ ಬಿಟ್ಟಳು. ಮೇಡಂ ಬೆರಳಿಗೆ ಶಾಯಿ ಹಾಕಿದರು, ರಟ್ಟಿನ ಮರೆಯ ತನಕ ತಳ್ಳಿದರು, ಬೆನ್ನು ತಿರುಗಿಸಿ ದೂರ ಬಂದು ನಿಂತರು.

ಒಂದು ನಿಮಿಷ... ಎರಡು ನಿಮಿಷ... ಬಲಗೈ ರಟ್ಟಿಗೆ ಬಡಿಯಿತು, ಮೇಜಿಗೆ ಬಡಿಯಿತು. ಬಲಗೈಯ ಮಣಿಕಟ್ಟನ್ನು ಎಡಗೈಯಲ್ಲಿ ಅದುಮಿ ಹಿಡಿದಳು. ಹಣೆಯ ಬೆವರು ಕಣ್ಣಿಗೆ ಇಳಿಯಿತು.

"ಒಳಗೇನು ಮಲ್ಕಂಡ್ಲಾ?" ಹೊರಗೆ ಯಾರೋ ಅಂದ.

"ನನ್ ಮಗಳು ವೋಟು ಹಾಕ್ತಾವ್ಳೆ," ಅಪ್ಪ ತಿರುಗಿಬಿದ್ದ. "ಬಾಯಿ ಮುಚ್ಕಂಡು ನಿಂತ್ಕಳಯ್ಯ!"

ಐದನೇ ನಿಮಿಷಕ್ಕೆ ಕೇಳಿಸಿತು...

ಬೀಪ್!

ಇಬ್ಬರೂ ಶಾಲೆಯ ಗೇಟು ದಾಟಿ ಸ್ವಲ್ಪ ದೂರ ಬಂದರು. ಕೊನೆಗೆ ಅಪ್ಪನಿಗೆ ತಡೆಯಲಾಗಲಿಲ್ಲ.

"ಯಾರಿಗೆ ಹಾಕ್ದೆ ಪುಟ್ಟಿ? ರುದ್ರೇಶಿಗೇ ತಾನೇ? ಮಾತು ಕೊಟ್ಟಿದ್ದೆ ಕಣವ್ವ..."

"ಹೇ...ಳಲ್ಲ."

"ನನಗೂ ಹೇಳಲ್ವಾ?"

"ನಿ...ನಗೂ."

ಅಪ್ಪ ನಗಲು ಹೋದ. ನಗು ಅರ್ಧಕ್ಕೇ ನಿಂತಿತು. ಮೋರಿ ಕಟ್ಟೆಯ ಮೇಲೆ ಕುಸಿದು ಕೂತ.

ಮಗಳು ಎಷ್ಟು ತುತ್ತು ಉಂಡಳು, ಯಾವಾಗ ಬಚ್ಚಲಿಗೆ ಹೋದಳು, ಎಲ್ಲಿ ನೋವು, ಯಾವ ದಿನ ಮುಟ್ಟು... ಹತ್ತೊಂಬತ್ತು ವರ್ಷದಲ್ಲಿ ಅಪ್ಪ ಅವ್ವನಿಗೆ ಗೊತ್ತಿಲ್ಲದ್ದು ಒಂದೂ ಇರಲಿಲ್ಲ. ಅವಳದ್ದೇ ಅಂತ ಅವಳ ಹತ್ತಿರ ಒಂದು ಗುಟ್ಟೂ ಇರಲಿಲ್ಲ.

ಇವತ್ತು ಒಂದು ಇದೆ.

"ಒಳಗೆ ನಾನು ಸುಳ್ಳು ಹೇಳ್ದೆ ಕಣವ್ವ... ನಿನ್ ಮಾತು ನಾನೇ ನುಂಗಾಕಿದೆ," ಅಂತ ಗಿರಣಿ ಓಂಕಾರಪ್ಪ ನಡುಬೀದಿಯಲ್ಲಿ ಬಿಕ್ಕಿದ.

ಸುಚೇತ ಅವನನ್ನೇ ನೋಡಿದಳು. ಸಿಟ್ಟು ಇನ್ನೂ ಪೂರ್ತಿ ಇಳಿದಿರಲಿಲ್ಲ. ಯಾಕೆ ಇಳಿಯಬೇಕು?

"ಅತ್...ತಿದ್ದು... ಸಾಕು. ತಳ್ಳು. ಹಸಿವು."

*

ಸುಚೇತಳಂಥವರಿಗೆ ನಮ್ಮ ಕೈ ಬೇಕಾಗಬಹುದು... ಆದರೆ ಅವರ ತೀರ್ಮಾನ ಅವರದ್ದೇ!

ನಿಮ್ಮ ಮನೆಯಲ್ಲೋ ಬೀದಿಯಲ್ಲೋ ಇಂಥವರೊಬ್ಬರು ಹದಿನೆಂಟು ದಾಟಿ ಕೂತಿರಬಹುದು... "ನಿನಗೇನು ಬೇಕು" ಅಂತ ಅವರನ್ನೇ ಕೇಳಿ, ಉತ್ತರ ಬರುವ ತನಕ ನೀವು ಯಾವತ್ತಾದರೂ ಕಾದಿದ್ದೀರಾ?