ಟರ್ಬೊದ ತೆರೆದ ಬಾಯಿ

ಕಾರಿನ ಕೆಲಸ ಬಲ್ಲವರ ಮುಂದೆ ಇದನ್ನು ಹೇಳಲು ಹೊರಟದ್ದಕ್ಕೆ ಕ್ಷಮೆ ಇರಲಿ. ಅಣ್ಣನ ಸ್ಪ್ಯಾನರ್ ತಮ್ಮನ ಮಣಿಕಟ್ಟಿನ ಮೇಲೆ ಬಿತ್ತು. ಎಂಜಿನ್ನಿನ ಅಬ್ಬರದಲ್ಲಿ ಎಲುಬು ಮುರಿದ ಸದ್ದು ಯಾರಿಗೂ ಕೇಳಿಸಲಿಲ್ಲ, ತಮ್ಮನ ಕೂಗು ಮಾತ್ರ ಕೇಳಿಸಿತು. ಕಾರಿನೊಳಗೆ ಕೂತು ಆಕ್ಸಿಲರೇಟರ್ ಒತ್ತುತ್ತಿದ್ದ ಅತ್ತಿಗೆ ಎಂಜಿನ್ ಆರಿಸಿ ಓಡಿ ಬಂದಳು. ಎತ್ತಿದ ಬಾನೆಟ್ ಅಡ್ಡ ಇದ್ದುದರಿಂದ ಅವಳಿಗೆ ಏನೂ ಕಂಡಿರಲಿಲ್ಲ.

ಬೆಳಗಿನಿಂದ ಅಣ್ಣತಮ್ಮಂದಿರದು ಜಗಳವೇ. ಹಳೆಯ ರೇಸ್ ಕಾರಿನಿಂದ ಎಂಜಿನ್ನಿಗೆ ಗಾಳಿ ಎಳೆದು ತುಂಬುವ ಕಂಪನಿಯ ಟರ್ಬೊ ಕಿತ್ತು, ತಮ್ಮ ಅದಕ್ಕಿಂತ ದೊಡ್ಡದನ್ನು ಕೂರಿಸಿದ್ದ. "ಮುದಿ ಎತ್ತಿಗೆ ಆನೆ ಶ್ವಾಸಕೋಶ ಹಾಕ್ತಿದ್ದೀಯಲ್ಲೋ, ಎದೆ ಒಡ್ಕೊಂಡು ಸಾಯುತ್ತೆ" ಎಂದಿದ್ದ ಅಣ್ಣ. "ನಿನ್ನ ಕೈಲಾಗದ್ದು ನನ್ನ ಕೈಲಾಯ್ತು ಅಂತ ಹೊಟ್ಟೆಕಿಚ್ಚು ನಿಂಗೆ" ಎಂದಿದ್ದ ತಮ್ಮ. "ಇನ್ನೊಂದು ಮಾತಾಡಿದ್ರೆ ಅದೇ ಕೈ ಮುರಿದು ಹಾಕ್ತೀನಿ" ಎಂದು ಅಣ್ಣ ಗುಡುಗಿದ್ದ.

"ಅಯ್ಯೋ, ಹೇಳಿದಂಗೇ ಮಾಡಿಬಿಟ್ರಲ್ಲಾ! ಒಡಹುಟ್ಟಿದವನು ಕಣ್ರೀ ಅವನು!" ಅತ್ತಿಗೆ ಗಂಡನ ಎದೆಗೆ ಗುದ್ದಿದಳು. ತಮ್ಮನೇ ಎಡಗೈಯಲ್ಲಿ ಹೊಸ ಟರ್ಬೊ ತೋರಿಸಿದ. ಫಿಲ್ಟರ್ ಹಾಕದ ಅದರ ಬಾಯಿ ತೆರೆದೇ ಇತ್ತು. ಅಂಚಿನ ಎಣ್ಣೆ ಒರೆಸಲು ಅವನು ಬಟ್ಟೆ ಹಿಡಿದು ಅಲ್ಲಿಗೇ ಕೈ ಚಾಚಿದ್ದ. ಪೆಟ್ಟು ಬಿದ್ದಾಗ ಕೈಯಿಂದ ಜಾರಿದ ಆ ಬಟ್ಟೆಯನ್ನು ಟರ್ಬೊ ಒಳಗೆಳೆದುಕೊಂಡಿತ್ತು, ಅದು ಚಿಂದಿಯಾಗಿ ಒಳಗೆ ಗಿರಗಿರನೆ ತಿರುಗುವ ರೆಕ್ಕೆಗಳಿಗೆ ಸುತ್ತಿಕೊಂಡಿತ್ತು.

"ನನ್ನ ಬೆರಳು ಉಳಿಸ್ದ, ಅತ್ತಿಗೆ" ಎಂದ ತಮ್ಮ ಅಳುತ್ತಾ. ಸ್ಪ್ಯಾನರ್ ಹಿಡಿದ ಅಣ್ಣನ ಮುಷ್ಟಿ ಇನ್ನೂ ಬಿಚ್ಚಿರಲಿಲ್ಲ. ತಮ್ಮ ಕೈ ಚಾಚಿದ ಮೇಲೆ ಅದು ಎದ್ದಿತೋ, ಮೊದಲೇ ಎದ್ದಿತ್ತೋ, ನನಗೆ ಗೊತ್ತಿಲ್ಲ.