ಹೊಗೆಹಡಗಿನ ಹಗ್ಗ

"ಹಗ್ಗ ಹಿಡ್ಕೋ ಅಣ್ಣಾ!" ಸರಕು ತುಂಬಿದ ಹೊಗೆಹಡಗಿನ ಅಂಚಿನಿಂದ ಬಾಗಿ ಕಪ್ತಾನ ಹಾರ್ಮ್ ಕೂಗಿದ. ಕೆಳಗೆ, ಉತ್ತರ ಸಮುದ್ರದ ಅಲೆಗಳಲ್ಲಿ ಅವನ ಅಣ್ಣ ತ್ಯಾರ್ಕನ ಹಾಯಿದೋಣಿ ಮುಳುಗುತ್ತಿತ್ತು.

"ನಿನ್ನ ಹಗ್ಗ ನಂಗ್ಬೇಡ! ಹಾಯಿಯವರ ಹೊಟ್ಟೆ ಮೇಲೆ ಹೊಡೆದೋನು ನೀನು!"

ಉಗಿಯಿಂದ ಓಡುವ ಹೊಗೆಹಡಗುಗಳು ಹಾಯಿದೋಣಿಗಳ ಸರಕನ್ನೆಲ್ಲ ಕಸಿದುಕೊಂಡಿದ್ದವು; ಹಾರ್ಮ್ ಅಂಥದೊಂದನ್ನು ಹತ್ತಿದ ದಿನವೇ ಅಣ್ಣ ಮಾತು ಬಿಟ್ಟಿದ್ದ. ಈಗ ಬಾಯಿ ತೆರೆದದ್ದೂ ಬೈಯುವುದಕ್ಕೇ. ನೀರು ಅವನ ಮೊಣಕಾಲಿಗೆ ಬಂದಿತ್ತು. ಹಾರ್ಮ್ ಟೋಪಿ ತೆಗೆದು ಚುಕ್ಕಾಣಿಯವನ ಕೈಗೆ ಕೊಟ್ಟ. ಅದೇ ಹಗ್ಗ ಹಿಡಿದು ಜಾರುತ್ತಾ ದೋಣಿಗಿಳಿದು ಅಣ್ಣನ ಪಕ್ಕದಲ್ಲಿ ನಿಂತ.

"ಸರಿ, ಇಬ್ರೂ ಮುಳುಗೋಣ."

"ಕತ್ತೆ! ಈಜೋಕೂ ಬರಲ್ಲ ನಿಂಗೆ!" ಬೈಯುತ್ತಲೇ ತ್ಯಾರ್ಕ ಹಗ್ಗವನ್ನು ತಮ್ಮನ ಸೊಂಟಕ್ಕೆ ಬಿಗಿದು ಗಂಟು ಹಾಕಿದ. ಉಳಿದ ತುದಿಯನ್ನು ತನ್ನ ಸೊಂಟಕ್ಕೂ ಸುತ್ತಿಕೊಂಡು ಮೇಲಿದ್ದವರನ್ನು ಗದರಿದ: "ಏನ್ ನೋಡ್ತಾ ನಿಂತಿದ್ದೀರೋ? ಎಳೀರಿ!"