ಮಫ್ಲರ್ ಸುತ್ತಿದ ಬೀಗ

ಮಾಗಿಯ ಚಳಿ. ಪುಟ್ಟಮಾದಯ್ಯ ಬನಿಯನ್ ಮೇಲೆ ಅಂಗಿ, ಅಂಗಿ ಮೇಲೆ ಎರಡು ಸ್ವೆಟರ್, ಅದರ ಮೇಲೊಂದು ಕೋಟು ಏರಿಸಿಕೊಂಡೇ ಗಾಳ ಹಿಡಿದು ತೆಪ್ಪ ಹತ್ತಿದ್ದ. ಎದುರಿಗೆ ಕೂತವನು ಬೀಗನಾಗಬೇಕಾದವನು. ಅವನ ಮಗಳನ್ನು ಇವನ ಮಗನಿಗೆ ತರುವ ಮಾತು ನಡೆದಿತ್ತು. ಅವನು ಕಣ್ಣಷ್ಟೇ ಬಿಟ್ಟು ಮುಖಕ್ಕೆಲ್ಲ ಮಫ್ಲರ್ ಸುತ್ತಿಕೊಂಡಿದ್ದ.

ತೆಪ್ಪ ಮಡುವಿಗೆ ಬರುವಷ್ಟರಲ್ಲಿ ಗಬ್ಬುನಾತ ಪುಟ್ಟಮಾದಯ್ಯನ ಮೂಗಿಗೆ ಬಡಿಯಿತು. ಥೂ, ಈ ಮನುಷ್ಯ ಮೈಗೆ ನೀರು ಮುಟ್ಟಿಸಿ ಎಷ್ಟು ದಿನವಾಯಿತೋ! ಇಂಥವನ ಮನೆಯ ಹೆಣ್ಣು ತರೋದಾ?

"ಬೀಗರೇ, ಈ ಬಟ್ಟೆ ಯಾವಾಗಲಾದರೂ ಒಗೆದದ್ದುಂಟಾ?" ಎಂದು ಕೇಳಿಯೇಬಿಟ್ಟ.

"ನಿನ್ನೆ ತಾನೇ ಒಗೆದದ್ದು," ಮಫ್ಲರ್ ಒಳಗಿಂದಲೇ ಉತ್ತರ ಬಂತು.

ಸುಳ್ಳು ಬೇರೆ! ದಡ ಸೇರಿದ ಕೂಡಲೇ ಈ ಸಂಬಂಧ ಬೇಡ ಅಂದುಬಿಡಬೇಕು.

ಬಿಸಿಲೇರಿತು. ಪುಟ್ಟಮಾದಯ್ಯ ಕೋಟು ಬಿಚ್ಚಿದ, ಮೇಲಿನ ಸ್ವೆಟರ್ ಬಿಚ್ಚಿದ. ಒಳಗಿನ ಸ್ವೆಟರಿನ ಜೇಬಿಂದ ಪ್ಲಾಸ್ಟಿಕ್ ಕವರೊಂದು ಜಾರಿ ಬಿತ್ತು. ಹೋದ ಭಾನುವಾರ ಗಾಳಕ್ಕೆಂದು ತಂದ ಕೋಳಿ ಕರುಳು. ಚಳಿಗೆ ಗಟ್ಟಿಯಾಗದಿರಲೆಂದು ಮೈಗೆ ಒತ್ತಿ ಇಟ್ಟುಕೊಂಡವನು ಮರೆತೇಬಿಟ್ಟಿದ್ದ. ಹುಳ ಮಿಜಿಗುಡುತ್ತಿದ್ದವು.

ಬೀಗ ಮೆಲ್ಲಗೆ ಮೂಗಿನಿಂದ ಮಫ್ಲರ್ ಇಳಿಸಿದ.

"ಸದ್ಯ, ನಿಮ್ಮ ಮೈವಾಸನೆಯಲ್ಲ! ಈ ಮನೆಗೆ ಮಗಳನ್ನ ಹೇಗಪ್ಪಾ ಕೊಡೋದು ಅಂತ ಬೆಳಗಿಂದ ಒದ್ದಾಡ್ತಿದ್ದೆ."